ಪಿಯಾನೊ ಕಡೆಗೂ ಸ್ವಲ್ಪ ಕಿವಿ ಕೊಡಿ

ಪ್ರಶ್ನೆ: ಇಂಗ್ಲಿಷ್ ಆರ್ಟ್ ಸಾಂಗ್‌ಗಳನ್ನು, ಅಂದರೆ ಕವನಕ್ಕೆ ಸಂಗೀತ ಹಾಕಿ ಪಿಯಾನೊ ಜೊತೆ ಹಾಡುವ ಹಾಡುಗಳನ್ನು, ನೀವು ತುಂಬಾ ಹೊಗಳುತ್ತೀರಿ. ನಾನೂ ಒಂದು ರೆಕಾರ್ಡಿಂಗ್ ಹಾಕಿ ಕೇಳಿದೆ. ಯಾರೋ ಹಾಡುತ್ತಾರೆ, ಹಿಂದೆ ಪಿಯಾನೊ ಬಾರಿಸುತ್ತಾರೆ. ಎಲ್ಲ ಹಾಡೂ ಒಂದೇ ಥರ. ಇಂಗ್ಲಿಷ್ ಗೊತ್ತಿದ್ದರೂ ಮಾತು ತಿಳಿಯಲಿಲ್ಲ. ಇದರಲ್ಲಿ ಅಂಥದ್ದೇನಿದೆ?

ಉತ್ತರ: ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ‘ಹಿಂದೆ ಪಿಯಾನೊ’ ಅಂತಲೇ ಬರೆದಿರುತ್ತಾರೆ. ಹಾಗೆ ಅಂದುಕೊಂಡು ಕೂತರೆ ಅರ್ಧ ಹಾಡು ಕೈಬಿಟ್ಟಂತೆ.

ಒಂದೇ ಹಾಡು ತೆಗೆದುಕೊಳ್ಳೋಣ. ಹೌಸ್‌ಮನ್ ಕವಿಯ ‘ಎ ಶ್ರಾಪ್‌ಶೈರ್ ಲ್ಯಾಡ್’ ಸಂಕಲನ ಬಂದದ್ದು 1896ರಲ್ಲಿ. ಅದರ ಆರು ಕವನಗಳಿಗೆ ಜಾರ್ಜ್ ಬಟರ್‌ವರ್ತ್ ಸಂಗೀತ ಹಾಕಿ 1911ರಲ್ಲಿ ಪ್ರಕಟಿಸಿದರು. ಕೊನೆಯದು ‘ಈಸ್ ಮೈ ಟೀಮ್ ಪ್ಲೋಯಿಂಗ್’. ಸತ್ತ ಹುಡುಗನೊಬ್ಬ ಗೆಳೆಯನನ್ನು ಕೇಳುತ್ತಾನೆ. ನನ್ನ ಕುದುರೆಗಳು ಈಗಲೂ ಉಳುತ್ತಿವೆಯಾ? ಹೊಳೆ ದಂಡೆಯಲ್ಲಿ ಫುಟ್‌ಬಾಲ್ ನಡೀತಿದೆಯಾ? ನನ್ನ ಹುಡುಗಿ ಅಳು ನಿಲ್ಲಿಸಿದಳಾ? ಎಲ್ಲ ಚೆನ್ನಾಗಿದೆ ಅನ್ನುತ್ತಾನೆ ಬದುಕಿರುವವನು. ಕಡೆಗೆ ಬಾಯಿ ಬಿಡುತ್ತಾನೆ: ಸತ್ತವನೊಬ್ಬನ ಹುಡುಗಿಗೆ ನಾನೇ ಸಮಾಧಾನ ಹೇಳುತ್ತಿದ್ದೇನೆ, ಯಾರ ಹುಡುಗಿ ಅಂತ ಮಾತ್ರ ಕೇಳಬೇಡ.

ಪಾತ್ರ ಎರಡು, ಗಂಟಲು ಒಂದು. ಯಾರು ಮಾತಾಡುತ್ತಿದ್ದಾರೆ ಅಂತ ತಿಳಿಸುವುದರಲ್ಲಿ ಪಿಯಾನೊ ಪಾಲೇ ಜಾಸ್ತಿ. ಸತ್ತವನ ಸರದಿ ಬಂದಾಗ ಸ್ವರಗುಚ್ಛಗಳು ಮೇಲಿಂದ ಮೆಲ್ಲಗೆ ಇಳಿಯುತ್ತವೆ, ದನಿ ಬರೀ ಮಾತಿನಷ್ಟೇ ಇರುತ್ತದೆ. ಬದುಕಿರುವವನು ಉತ್ತರಿಸುವಾಗ ವೇಗ ಏರುತ್ತದೆ, ದನಿ ತುಂಬುತ್ತದೆ. ಕೊನೆಯ ಉತ್ತರ ಮುಗಿದ ಮೇಲೆ ಗಾಯಕನಿಗೆ ಕೆಲಸವಿಲ್ಲ. ಆದರೆ ಪಿಯಾನೊ ಮತ್ತೆ ಸತ್ತವನ ಆ ಸ್ವರಗಳನ್ನೇ ಬಾರಿಸಿ, ನೆಲೆಗೆ ಬಾರದೆ ಅಲ್ಲೇ ನಿಲ್ಲುತ್ತದೆ. ಅಂದರೆ ಅವನು ಎಲ್ಲ ಕೇಳಿಸಿಕೊಂಡ! ಈ ಮಾತು ಕವನದಲ್ಲಿ ಎಲ್ಲೂ ಇಲ್ಲ.

ಇದೇ ಕವನಕ್ಕೆ ವಾನ್ ವಿಲಿಯಮ್ಸ್ ಕೂಡ ಸಂಗೀತ ಹಾಕಿದರು. ಫುಟ್‌ಬಾಲ್ ಬರುವ ಎರಡು ಪದ್ಯ ಕತ್ತರಿಸಿಬಿಟ್ಟರು. ಹೌಸ್‌ಮನ್‌ಗೆ ಸಿಟ್ಟು ಬಂತು. ಅವರ ಸಂಗೀತದಿಂದ ನಾನು ಎರಡು ಸಾಲು ತೆಗೆದರೆ ಸುಮ್ಮನಿರುತ್ತಾರಾ ಅಂತ ಕೇಳಿದರು. ನನ್ನ ಮತ ಕವಿಗೇ. ಬಟರ್‌ವರ್ತ್ ಯಾವುದನ್ನೂ ಬಿಡಲಿಲ್ಲ.

ಈ ಹಾಡಿಗೆ ಸಭಾಂಗಣಕ್ಕಿಂತ ರೆಕಾರ್ಡಿಂಗೇ ಮೇಲು ಅನ್ನುವವನು ನಾನು. ಸಭೆಯಲ್ಲಿ ಸತ್ತವನ ಆ ಪಿಸುದನಿ ಕೊನೆಯ ಸಾಲಿನಲ್ಲಿ ಕೂತವರಿಗೂ ಮುಟ್ಟಬೇಕು. ಮೈಕ್ ಮುಂದೆ ಆ ಕಷ್ಟವಿಲ್ಲ. ಬ್ರಿನ್ ಟರ್ಫೆಲ್ ಮತ್ತು ಪಿಯಾನೊದಲ್ಲಿ ಮಾಲ್ಕಮ್ ಮಾರ್ಟಿನೊ ಇರುವ 1995ರ ‘ದ ವ್ಯಾಗಬಾಂಡ್’ ಆಲ್ಬಂ ಕೇಳಿ. ಆಪೆರಾ ತುಂಬುವಂಥ ದೊಡ್ಡ ಗಂಟಲು ಎಷ್ಟು ಸಣ್ಣಗಾಗಬಲ್ಲದು ಅಂತ ಗೊತ್ತಾಗುತ್ತದೆ.

ಮಾತು ತಿಳಿಯದಿದ್ದರೆ ಮೊದಲು ಕವನ ಓದಿ. ಓದದೆ ದೂರಬೇಡಿ. ಒಂದೇ ಸಲ ಕೂತು ಇಪ್ಪತ್ತು ಹಾಡು ಕೇಳಿದರೆ ಎಲ್ಲವೂ ಒಂದೇ ಥರ ಕೇಳುತ್ತವೆ, ಮೂರು ಸಾಕು. ಹೆಡ್‌ಫೋನ್ ಹಾಕಿದ್ದರೆ ಪಿಸುದನಿ ಬಂದಾಗ ವಾಲ್ಯೂಮ್ ಏರಿಸಬೇಡಿ. ಮುಂದಿನ ಸಾಲು ಕಿವಿಗೆ ಅಪ್ಪಳಿಸುತ್ತದೆ.

ಇನ್ನೊಂದು ಮಾತು. ಬಟರ್‌ವರ್ತ್ 1916ರ ಆಗಸ್ಟ್ 5ರಂದು ಮೊದಲ ಮಹಾಯುದ್ಧದ ಸೊಮ್ ಕದನದಲ್ಲಿ ಸತ್ತರು, ವಯಸ್ಸು 31. ಅದಕ್ಕೇ ‘ತನ್ನ ಸಾವನ್ನು ಹಾಡಿನಲ್ಲೇ ಕಂಡಿದ್ದರು’ ಅಂತ ಕೆಲವರು ಕಣ್ಣೀರಿಡುತ್ತಾರೆ. ಹಾಡು ಬಂದಾಗ ಆ ಮಹಾಯುದ್ಧ ಶುರುವೇ ಆಗಿರಲಿಲ್ಲ ಕಣ್ರೀ.

ಪ್ರಶ್ನೆ: ಇದು ನಮ್ಮ ಭಾವಗೀತೆಯೇ ಅಲ್ವಾ?

ಉತ್ತರ: ಕವನಕ್ಕೆ ರಾಗ ಹಾಕುವಲ್ಲಿ ಹೌದು, ಆದರೆ ಇಲ್ಲಿ ಪಿಯಾನೊದ ಒಂದೊಂದು ಸ್ವರವನ್ನೂ ಸಂಗೀತಕಾರನೇ ಬರೆದಿಟ್ಟಿರುತ್ತಾನೆ.

ಪ್ರಶ್ನೆ: ಮೈಸೂರು ಮಹಾರಾಜರು ಇಂಥ ಹಾಡುಗಳನ್ನು ರೆಕಾರ್ಡ್ ಮಾಡಿಸಿದ್ದರಂತೆ?

ಉತ್ತರ: ಜಯಚಾಮರಾಜ ಒಡೆಯರ್ ದುಡ್ಡು ಕೊಟ್ಟು ರೆಕಾರ್ಡ್ ಮಾಡಿಸಿದ್ದು ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಸಂಗೀತಕಾರ ಮೆಟ್ನರ್ ಅವರ ಸಂಗೀತವನ್ನು. ಎರಡನ್ನೂ ಕಲಸಬೇಡಿ.

ಪ್ರಶ್ನೆ: 432 ಹರ್ಟ್ಸ್‌ಗೆ ಇಳಿಸಿದ ಹಾಡು ಕೇಳಿದರೆ ಮನಸ್ಸಿಗೆ ಶಾಂತಿ ಅಂತ ಒಬ್ಬರು ಮಾರುತ್ತಿದ್ದಾರೆ. ಕೊಳ್ಳಲೇ?

ಉತ್ತರ: ಆ ದುಡ್ಡಿಗೆ ಮಸಾಲೆ ದೋಸೆ ತಿನ್ನಿ. ಗಾಯಕ ಹಾಡಿದ ಶ್ರುತಿಯನ್ನು ಕಂಪ್ಯೂಟರಿನಲ್ಲಿ ಚೂರು ಕೆಳಕ್ಕೆ ಎಳೆದರೆ ಅದು ಔಷಧ ಆಗಲ್ಲ.

ಪ್ರಶ್ನೆ: ತೀರಾ ಹಳೆಯ ರೆಕಾರ್ಡಿಂಗ್‌ನಿಂದ ಶುರು ಮಾಡಲೇ? ಚರಚರ ಸದ್ದು ತೆಗೆದು ಶುದ್ಧ ಮಾಡಿದ ಪ್ರತಿ ಸಿಗುತ್ತಿದೆ.

ಉತ್ತರ: ಬೇಡ. 1925ಕ್ಕೆ ಮುಂಚೆ ರೆಕಾರ್ಡಿಂಗ್‌ಗೆ ಮೈಕ್ ಬಳಸುತ್ತಿರಲಿಲ್ಲ, ತುತ್ತೂರಿಯೊಳಗೆ ಹಾಡುತ್ತಿದ್ದರು. ಗರ್ವಾಸ್ ಎಲ್ವ್ಸ್ 1917ರಲ್ಲಿ ಹಾಡಿದ್ದು ಅಮೂಲ್ಯವೇ, ಆದರೆ ಹೊಸಬರಿಗಲ್ಲ. ಗಾಯಕಿ ಜಾನೆಟ್ ಬೇಕರ್ ಮತ್ತು ಪಿಯಾನೊ ಬಾರಿಸುವ ಮಾರ್ಟಿನ್ ಐಸೆಪ್ ಜೋಡಿಯಿಂದ ಶುರು ಮಾಡಿ, ಇಲ್ಲವೇ ಈ ಕಾಲದ ರಾಡ್ರಿಕ್ ವಿಲಿಯಮ್ಸ್ ಮತ್ತು ಇಯಾನ್ ಬರ್ನ್‌ಸೈಡ್. ಮುಂದೆ ಹಳೆಯದು ಕೊಳ್ಳುವಾಗ ‘ಶುದ್ಧ’ ಪ್ರತಿಗೆ ಮರುಳಾಗಬೇಡಿ. ಚರಚರ ಸದ್ದನ್ನು ವಿಪರೀತ ಉಜ್ಜಿದರೆ ಅದರ ಜೊತೆ ಸಕಾರ, ತಕಾರಗಳೂ ಹೋಗುತ್ತವೆ. ಆಮೇಲೆ ಮಾತು ತಿಳಿಯಲಿಲ್ಲ ಅಂತ ನನಗೇ ಬರೆಯುತ್ತೀರಿ.