ಪೋಕರಿನಲ್ಲಿ ಜೋಡಿ ಎಕ್ಕ ಬಂದರೆ ಸುಮ್ಮನಿದ್ದು ಬಲೆ ಬೀಸಬೇಕೆ, ಮೊದಲೇ ಏರಿಸಬೇಕೆ?

ಪಣ ಏರಿಸಿ. ಟೆಕ್ಸಸ್ ಹೋಲ್ಡಮ್‌ನಲ್ಲಿ (ಕೈಗೆ ಎರಡೆಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದೆಲೆ ಇರುವ ಪೋಕರ್) ಜೋಡಿ ಎಕ್ಕ ಬರುವುದೇ ಸರಾಸರಿ 221 ಆಟಕ್ಕೊಮ್ಮೆ. ಬಂದಾಗ, ಎದುರಿನವರು ಎಲ್ಲಿ ಎಲೆ ಮಡಚಿಬಿಡುತ್ತಾರೋ ಎಂದು ಹೆದರಿ ಹೊಸಬರು ಬರೀ ಕಾಲ್ ಮಾಡಿ, ಅಂದರೆ ಏರಿಸದೆ ಇರುವಷ್ಟೇ ಪಣ ಕಟ್ಟಿ ಕೂರುತ್ತಾರೆ. ಲೆಕ್ಕ ನೋಡಿ: ಯಾವುದೋ ಎರಡೆಲೆ ಹಿಡಿದ ಒಬ್ಬನೇ ಎದುರಿದ್ದರೆ ನೀವು ಗೆಲ್ಲುವ ಸಾಧ್ಯತೆ ಸುಮಾರು 85%. ಅಂಥ ನಾಲ್ವರು ಕೊನೆವರೆಗೂ ಉಳಿದರೆ ಸುಮಾರು 56%. ಅಗ್ಗದಲ್ಲಿ ಒಳಬಂದವನ ಕಳಾವರ್ 7-6 ಇದೆ ಎನ್ನಿ. ಮೇಜಿನ ಮೇಲೆ 5, 8, 9 ಬಿದ್ದರೆ ಅವನಿಗೆ 5ರಿಂದ 9ರವರೆಗಿನ ಸಾಲು ಕೂಡುತ್ತದೆ, ನಿಮ್ಮ ಎಕ್ಕಗಳ ಕಥೆ ಹೆಚ್ಚುಕಮ್ಮಿ ಮುಗಿಯಿತು.

ಬಿಗ್ ಬ್ಲೈಂಡಿನ (ಎಲೆ ನೋಡುವ ಮೊದಲೇ ಒಬ್ಬ ಆಟಗಾರ ಕಡ್ಡಾಯವಾಗಿ ಕಟ್ಟುವ ಪಣ) ಮೂರು ಪಟ್ಟು ಏರಿಸುವುದು ರೂಢಿ. ನಿಮಗಿಂತ ಮೊದಲೇ ಕಾಲ್ ಮಾಡಿ ಕೂತವರಿದ್ದರೆ ತಲೆಗೊಂದು ಬ್ಲೈಂಡ್ ಸೇರಿಸಿ. ಜೋಡಿ ರಾಜನಿಗೂ ಇದೇ ಮಾತು.

ಜೋಡಿ ಗುಲಾಮನ ವಿಷಯ ಬೇರೆ. ನೋಡಲು ಚೆಂದ, ಆದರೆ ಮೇಜಿನ ಮೇಲಿನ ಮೊದಲ ಮೂರು ಎಲೆಗಳಲ್ಲಿ ರಾಣಿ, ರಾಜ ಅಥವಾ ಎಕ್ಕ ಇಣುಕುವ ಸಾಧ್ಯತೆ ಸುಮಾರು 57%. ಏರಿಸಿ, ಆದರೆ ಇಡೀ ಚಿಪ್ಸ್ ರಾಶಿ ತಳ್ಳುವ ಮುನ್ನ ತಡೆಯಿರಿ.

ಸುಮ್ಮನಿರುವುದು ನನಗೆ ಒಪ್ಪಿಗೆಯಾಗುವುದು ಒಂದೇ ಕಡೆ: ನಿಮ್ಮ ನಂತರದ ಸರದಿಯವನು ಎಲೆ ನೋಡದೆಯೇ ಏರಿಸುವ ಹುಂಬನಾಗಿದ್ದರೆ.