ರೊಟ್ಟಿ-ಪಲ್ಯ ಉಣ್ಣುವ ಹಿರಿಯರಿಗೆ ಇಟಾಲಿಯನ್ ಹೋಟೆಲಿನಲ್ಲಿ ಏನು ತರಿಸಬೇಕು?

ಮಕ್ಕಳ ಆಸೆಗಾಗಿ ಮನೆಮಂದಿಯೆಲ್ಲ ಇಟಾಲಿಯನ್ ಊಟಕ್ಕೆ ಹೊರಟಿದ್ದೇವೆ, ಆದರೆ ರೊಟ್ಟಿ-ಪಲ್ಯ, ಅನ್ನ-ಸಾರು ಬಿಟ್ಟು ಬೇರೇನೂ ಒಗ್ಗದ ಸಸ್ಯಾಹಾರಿ ತಂದೆ-ತಾಯಿ ಅಲ್ಲಿಂದ ಹಸಿದುಕೊಂಡೇ ಮರಳದಂತೆ ಏನು ಮಾಡಬೇಕು ಎಂದು ಕೇಳಿದ್ದೀರಿ. ಬಳ್ಳಾರಿಯಲ್ಲಿ ನಮ್ಮ ಬಡಾವಣೆಯಲ್ಲೇ ಇರುವ ಒಂದು ಚಿಕ್ಕ ಇಟಾಲಿಯನ್ ಹೋಟೆಲಿಗೆ ನಾವು ಏಳು ಜನ ಎರಡು ಸಲ ಹೋಗಿ ಬಂದಿದ್ದೇವೆ. ಆ ಅನುಭವದಿಂದ ಹೇಳುತ್ತೇನೆ.

ಮೊದಲ ಸಲ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಖಾರ ಜಾಸ್ತಿ ಇರಲಿ, ಮಸಾಲೆ ಹಾಕಿ ಎಂದು ಹೇಳಿ ತರಿಸಿದ ಪಾಸ್ತಾ ಅವರ ಅಡುಗೆಯೂ ಆಗಿರಲಿಲ್ಲ, ನಮ್ಮ ಅಡುಗೆಯೂ ಆಗಿರಲಿಲ್ಲ. ಅಪ್ಪ ಎರಡು ತುತ್ತು ಉಂಡು ತಟ್ಟೆ ಸರಿಸಿದರು. ಎರಡನೆಯ ಸಲ ರುಚಿ ಬದಲಿಸಲು ಹೇಳದೆ, ಆ ಅಡುಗೆಯೊಳಗೇ ನಮ್ಮವರಿಗೆ ಹತ್ತಿರವಾದದ್ದನ್ನು ಹುಡುಕಿ ತರಿಸಿದೆ.

ಅಪ್ಪ ಸಿರುಗುಪ್ಪದ ಕಡೆ ತುಂಗಭದ್ರಾ ಕಾಲುವೆಯ ನೀರಿನಲ್ಲಿ ನಲವತ್ತು ವರ್ಷ ಭತ್ತ ಬೆಳೆದವರು. ಅವರಿಗೆಂದು ಅಣಬೆಯ ರಿಸೊಟ್ಟೊ, ಅಂದರೆ ಇಟಲಿಯ ಒಂದು ಬಗೆಯ ಮೆತ್ತನೆಯ ಅನ್ನ, ತರಿಸಿದೆ. ಇಟಲಿಯ ಉತ್ತರಕ್ಕಿರುವ ಪೊ ನದಿಯ ಬಯಲಿನಲ್ಲೂ ನಮ್ಮಲ್ಲಿಯಂತೆಯೇ ಕಾಲುವೆಯ ನೀರಿಗೆ ಭತ್ತ ಬೆಳೆಯುತ್ತಾರೆ. ಅರ್ಬೊರಿಯೊ, ಕಾರ್ನರೋಲಿ ಎಂಬ ಆ ದಪ್ಪ ಅಕ್ಕಿಯನ್ನು ಬೆಣ್ಣೆಯಲ್ಲಿ ಹುರಿದು, ಬಿಸಿ ತರಕಾರಿ ಕಟ್ಟನ್ನು ಸೌಟು ಸೌಟಾಗಿ ಹಾಕುತ್ತಾ ತಿರುವಿದಾಗ ಅಕ್ಕಿಯ ಗಂಜಿಯಂಶ ಬಿಟ್ಟುಕೊಂಡು ಅನ್ನ ಕೆನೆಗಟ್ಟುತ್ತದೆ. ಸೋನಾ ಮಸೂರಿಯಾದರೆ ಅಗುಳು ಅಗುಳಾಗಿ ಉದುರಬೇಕೆನ್ನುವ ಅಪ್ಪ ಒಂದು ಅಗುಳನ್ನು ಬೆರಳಲ್ಲಿ ಹಿಚುಕಿ, "ಇನ್ನೊಂದು ಕುದಿ ಬೇಕಾಗಿತ್ತು ನೋಡು" ಎಂದರು. ನಡುವೆ ತುಸು ಬಿರುಸು ಉಳಿಯುವಂತೆ ಬೇಯಿಸುವುದೇ ಅಲ್ಲಿಯ ಪದ್ಧತಿ ಎಂದು ಹೇಳಿದ ಮೇಲೆ ನಿಧಾನವಾಗಿ ಪೂರ್ತಿ ಉಂಡರು. ಆ ಭತ್ತ ಎಷ್ಟು ತಿಂಗಳ ಬೆಳೆ ಎಂದೂ ವಿಚಾರಿಸಿದರು. ಅವರು ಹಾಗೆ ಕೇಳಿದ್ದು ನನಗೆ ಬಹಳ ಸಂತೋಷ ತಂದಿತು.

ಅಮ್ಮನಿಗೆ ಪೆಸ್ಟೊ ಹಿಡಿಸಿತು. ಜಿನೋವಾ ಊರಿನ ಈ ಚಟ್ನಿಗೆ ಆ ಹೆಸರು ಬಂದದ್ದೇ ಕುಟ್ಟುವುದು ಎಂಬ ಅರ್ಥದ ಮಾತಿನಿಂದ. ಬೇಸಿಲ್ ಎಲೆ, ಬೆಳ್ಳುಳ್ಳಿ, ಪೈನ್ ಬೀಜ, ಚೀಸ್, ಆಲಿವ್ ಎಣ್ಣೆಗಳನ್ನು ಕಲ್ಲಿನ ಒರಳಿನಲ್ಲಿ ಕುಟ್ಟಿ ಮಾಡುತ್ತಾರೆ. "ಇದು ಕಾಮಕಸ್ತೂರಿ ವಾಸ್ನಿ ಅಲ್ಲೇನು?" ಎಂದು ಅಮ್ಮ ಕೇಳಿದರು. ಬೇಸಿಗೆಯಲ್ಲಿ ಶರಬತ್ತಿಗೆ ಅವರು ನೆನೆಹಾಕುವ ಬೀಜ ಆ ಗಿಡದ್ದೇ. ಸುಟ್ಟ ಬ್ರೆಡ್ಡಿಗೆ ಅದನ್ನು ಹಚ್ಚಿಕೊಂಡು, ರೊಟ್ಟಿಗೆ ಗುರೆಳ್ಳು ಚಟ್ನಿ ಹಚ್ಚಿಕೊಂಡಂತೆಯೇ ತಿಂದರು.

ಪಿಜ್ಜಾ ಮಕ್ಕಳಿಗೆ ಬಿಡಿ. ಆದರೆ ಹಿರಿಯರು ಕಟ್ಟುನಿಟ್ಟಿನ ಸಸ್ಯಾಹಾರಿಗಳಾಗಿದ್ದರೆ ಕೆಲವನ್ನು ಅವರ ಕಿವಿಗೆ ಬೀಳದಂತೆ, ಮುಂಚಿತವಾಗಿಯೇ ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇಟಲಿಯ ಅಸಲಿ ಪಾರ್ಮಿಜಾನೊ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಹಾಗಾಗಿ ಪೆಸ್ಟೊಗೆ ಹಾಕುವ ಚೀಸಿನ ಪೊಟ್ಟಣದ ಮೇಲೆ ಹಸಿರು ಗುರುತು ಇದೆಯೇ ಎಂದು ಕೇಳಿ. ರಿಸೊಟ್ಟೊಗೆ ಕೋಳಿಯ ಕಟ್ಟನ್ನಾಗಲಿ ಬಿಳಿ ವೈನನ್ನಾಗಲಿ ಹಾಕುವ ರೂಢಿಯಿದೆ. ಒಣ ಪಾಸ್ತಾ ಸಾಮಾನ್ಯವಾಗಿ ಡ್ಯೂರಂ ಗೋಧಿಯ ರವೆ ಮತ್ತು ನೀರಿನದು, ಆದರೆ ತಾಜಾ ಪಾಸ್ತಾಕ್ಕೆ ಹೆಚ್ಚಾಗಿ ಮೊಟ್ಟೆ ಸೇರಿರುತ್ತದೆ. ಸಿಹಿಯಲ್ಲಿ ತಿರಾಮಿಸುವಿಗೆ ಮೊಟ್ಟೆ, ಪನ್ನ ಕೊಟ್ಟಾಕ್ಕೆ ಪ್ರಾಣಿಗಳ ಮೂಳೆ-ಚರ್ಮದಿಂದ ತೆಗೆದ ಜೆಲಟಿನ್ ಹಾಕುತ್ತಾರೆ. ನಾವು ಮೊಟ್ಟೆಯಿಲ್ಲದ ವೆನಿಲ್ಲಾ ಐಸ್‌ಕ್ರೀಮಿನ ಮೇಲೆ ಬಿಸಿ ಕಾಫಿ ಸುರಿದು ಕೊಡುವ ಅಫೊಗಾಟೊ ತರಿಸಿದೆವು.

ಇನ್ನೊಂದು ಮಾತು: ರಿಸೊಟ್ಟೊ ಆಗಲು ಇಪ್ಪತ್ತು ನಿಮಿಷವಾದರೂ ಬೇಕು, ಆರಿದರೆ ಮುದ್ದೆಗಟ್ಟುತ್ತದೆ. ಕುಳಿತ ಕೂಡಲೇ ಮೊದಲು ಅದನ್ನೇ ಹೇಳಿ, ತಟ್ಟೆ ಬಂದಾಗ ಉಳಿದವರಿಗಾಗಿ ಕಾಯದೆ ಉಣ್ಣುವಂತೆ ನಿಮ್ಮ ತಂದೆಯವರಿಗೆ ತಿಳಿಸಿ.