ಕಥೆ ಬರೆಯುವುದನ್ನು ಸುಧಾರಿಸಿಕೊಳ್ಳೋದು ಹೇಗೆ? ಒಬ್ಬ ತೋಟದ ರೈಟರ್ ಉತ್ತರ

ನಿಮ್ಮ ಪತ್ರ ಓದಿದೆ. ನಿಮ್ಮದು ಹಾಸನದಲ್ಲಿ ಬ್ಯಾಂಕ್ ಕೌಂಟರಿನ ಕೆಲಸ, ಒಂದು ವರ್ಷದಲ್ಲಿ ಎಂಟು ಕಥೆ, ಎಲ್ಲವೂ ಹಳ್ಳಿಯ ಅಜ್ಜಿಯರದ್ದು. ಓದಿದವರೆಲ್ಲ ‘ಚೆನ್ನಾಗಿದೆ’ ಅಂದರು, ಪತ್ರಿಕೆಯವರು ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಇನ್ನು ಕಥೆ ಬರೆಯುವ ಕೋರ್ಸ್ ಸೇರಲಾ ಅಂತ ಕೇಳಿದ್ದೀರಿ.

ನಾನು ದೊಡ್ಡ ಕಥೆಗಾರನೇನಲ್ಲ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ 19 ವರ್ಷ ರೈಟರ್ ಆಗಿದ್ದವನು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಕಡೆ ತೋಟದಲ್ಲಿ ಆಳುಗಳ ಹಾಜರಿ, ಕೂಲಿ ಲೆಕ್ಕ ಬರೆಯುವವನನ್ನು ರೈಟರ್ ಅನ್ನುತ್ತಾರೆ. ಹಾಗಾಗಿ ಒಂದು ಕಥೆಯೂ ಅಚ್ಚಾಗುವ ಮೊದಲೇ ಊರೆಲ್ಲ ನನ್ನನ್ನು ‘ರೈಟ್ರೇ’ ಅಂತ ಕರೆಯುತ್ತಿತ್ತು. ಆಮೇಲೆ ಅಚ್ಚಾದವು ನಾಲ್ಕು. ವಾಪಸ್ ಬಂದವು, ಇಲ್ಲವೇ ಹೋದ ದಾರಿಯಲ್ಲೇ ಕಾಣೆಯಾದವು 23. ಈ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಮುಂದೆ ಓದಿ.

ಕೋರ್ಸ್ ವಿಷಯ ಮೊದಲು ಮುಗಿಸಿಬಿಡೋಣ. ಎಲ್ಲಾದರೂ ಕಥಾ ಕಮ್ಮಟ ನಡೆದರೆ ಹೋಗಿ, ಬೇಡ ಅನ್ನಲ್ಲ. ಅಲ್ಲಿನ ಉಪನ್ಯಾಸಕ್ಕಿಂತ ಊಟದ ಸಾಲಿನಲ್ಲಿ ಸಿಗುವ ಒಬ್ಬರೋ ಇಬ್ಬರೋ ನಿಮಗೆ ಬೇಕು. ನಿಮ್ಮ ಕಥೆ ಓದಿ ‘ಎರಡನೇ ಪುಟದಲ್ಲಿ ಆಕಳಿಕೆ ಬಂತು’ ಅಂತ ಮುಖಕ್ಕೇ ಹೇಳುವಂಥವರು. ಮನೆಯವರು, ಸ್ನೇಹಿತರು ‘ಚೆನ್ನಾಗಿದೆ’ ಅಂದರೆ ಅದು ನಿಮ್ಮ ಮೇಲಿನ ಪ್ರೀತಿ, ಕಥೆಯ ಮೇಲಿನದ್ದಲ್ಲ.

2025ರಲ್ಲಿ ನಿಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಮೇಲೆ ಹುರುಪು ಬಂತು ಅಂತಲೂ ಬರೆದಿದ್ದೀರಿ. ಬರಲೇಬೇಕು, ನನಗೂ ಬಂತು. ಆದರೆ ಬಹುಮಾನ ಬಂದ ಆ ಪುಸ್ತಕದಲ್ಲಿರುವುದು 12 ಕಥೆ, ಬರೆದದ್ದು 1990ರಿಂದ 2023ರ ನಡುವೆ. ವರ್ಷಕ್ಕೆ ಎಂಟು ಬರೆದ ನೀವು ಸ್ವಲ್ಪ ಉಸಿರು ತೆಗೆದುಕೊಳ್ಳಬಹುದು.

ಈಗ ನಾನು ಕಲಿತದ್ದು. ಒಂದೇ ಕಥೆ ಇಟ್ಟುಕೊಂಡು ಹೇಳುತ್ತೇನೆ.

ಹಣ್ಣು ಕುಯ್ಲಿನ ಕಾಲದಲ್ಲಿ ಸಂಜೆ ತೂಕ ಹಾಕುವುದು ರೈಟರ್ ಕೆಲಸ. ಆಳುಗಳು ಚೀಲ ಹೊತ್ತು ಸಾಲಾಗಿ ಬರುತ್ತಾರೆ, ನಾನು ತೂಕ ಕೂಗಿ ಹೆಸರಿನ ಮುಂದೆ ಬರೆದುಕೊಳ್ಳಬೇಕು. ಒಂದು ಜನವರಿಯಲ್ಲಿ ಒಬ್ಬ ಅಜ್ಜಿ ತನ್ನ ಚೀಲದ ಹಣ್ಣನ್ನು ಸೊಸೆಯ ಚೀಲಕ್ಕೆ ಕದ್ದು ಹಾಕುವುದನ್ನು ನೋಡಿದೆ. ಯಾರದ್ದನ್ನೋ ಕದ್ದು ತನ್ನ ಚೀಲಕ್ಕೆ ಹಾಕಿಕೊಂಡವರನ್ನು ಕಂಡಿದ್ದೆ, ಇದನ್ನು ಕಂಡಿರಲಿಲ್ಲ. ಯಾಕೆ ಅಂತ ಕೇಳಲಿಲ್ಲ. ಅವತ್ತು ರಾತ್ರಿಯೇ ಕಥೆ ಬರೆಯಲು ಕೂತೆ. ಅಜ್ಜಿಗೆ ಪುಟ್ಟಮ್ಮ ಅಂತ ಹೆಸರಿಟ್ಟೆ. ಶುರುವಾದದ್ದು ಹೀಗೆ:

‘ಆ ವೃದ್ಧೆಯ ಸುಕ್ಕುಗಟ್ಟಿದ ಕೆನ್ನೆಯ ಮೇಲೆ ಬಡತನವು ತನ್ನ ಚರಿತ್ರೆಯನ್ನು ಬರೆದಿತ್ತು. ಆಕೆಯ ಅಂತಃಕರಣದಲ್ಲಿ ಮಾತೃವಾತ್ಸಲ್ಯದ ಹೊನಲು ಹರಿಯುತ್ತಿತ್ತು...’

ನಗಬೇಡಿ, ನಿಮ್ಮ ಎಂಟರಲ್ಲೂ ಇಂಥದ್ದು ಇರುತ್ತದೆ. ಐದು ಪುಟ ಹೀಗೇ ಹರಿಯಿತು. ನಿವೃತ್ತರಾಗಿದ್ದ ಕನ್ನಡ ಮೇಷ್ಟ್ರೊಬ್ಬರಿಗೆ ತೋರಿಸಿದೆ. ಅವರು ಹಸ್ತಪ್ರತಿಯಲ್ಲಿ ಬೇರೇನೂ ಮುಟ್ಟಲಿಲ್ಲ. ‘ಆಕೆ’ ಅಂತ ಇದ್ದಲ್ಲೆಲ್ಲ ಒಂದು ಸುತ್ತು ಹಾಕಿದರು, ‘ಅವಳು’ ಅಂತ ಇದ್ದಲ್ಲಿ ಚೌಕ. ಎರಡು ಕಡೆ ‘ಅವರು’ ಅಂತಲೂ ಇತ್ತು, ಅದಕ್ಕೆ ಅಡಿಗೆರೆ. ಆಮೇಲೆ ಕೇಳಿದರು: “ಇವಳನ್ನು ಯಾರಯ್ಯ ನೋಡ್ತಿರೋದು? ಒಂದ್ಸಲ ಭಾಷಣದ ವೇದಿಕೆ ಮೇಲಿಂದ ನೋಡ್ತೀಯ, ಒಂದ್ಸಲ ಸಾಹುಕಾರರ ಜಗಲಿಯಿಂದ, ಒಂದ್ಸಲ ಮೊಮ್ಮಗನ ಥರ. ಎಲ್ಲಾದರೂ ಒಂದು ಕಡೆ ನಿಂತ್ಕೋ.”

ಇದಕ್ಕಿಂತ ದೊಡ್ಡ ಪಾಠ ನನಗೆ ಮತ್ತೆ ಸಿಗಲಿಲ್ಲ. ಇಂಗ್ಲಿಷಿನವರಿಗೆ ಎಲ್ಲದಕ್ಕೂ ಒಂದೇ ‘ಶೀ’ ಸಾಕು. ನಮಗೆ ಅವಳು, ಆಕೆ, ಅವರು ಅಂತ ಮೂರಿವೆ, ಮೂರರಲ್ಲಿ ಒಂದನ್ನು ಆರಿಸಿದ ಕೂಡಲೇ ಹೇಳುವವನು ಎಲ್ಲಿ ನಿಂತಿದ್ದಾನೆ ಅಂತ ಓದುಗನಿಗೆ ತಿಳಿದುಹೋಗುತ್ತದೆ. ಅತ್ತೆಯನ್ನು ‘ಅವರು’ ಅನ್ನುತ್ತಿದ್ದ ಕಥೆ ಒಂದು ಸಾಲಿನಲ್ಲಿ ‘ಅವಳು’ ಅಂದರೆ ಅಲ್ಲೇನೋ ಮುರಿದಿದೆ ಅಂತಲೇ ಅರ್ಥ. ಬೇಕೆಂದೇ ಮಾಡಿದ್ದರೆ ಅದು ಕಸುಬು, ಗೊತ್ತಿಲ್ಲದೆ ಆಗಿದ್ದರೆ ಎಡವಟ್ಟು. ನನ್ನದು ಎಡವಟ್ಟು.

ನಾನು ನಿಲ್ಲಬಹುದಾಗಿದ್ದ ಜಾಗ ಒಂದೇ, ತಕ್ಕಡಿಯ ಪಕ್ಕ. ಅಲ್ಲಿಂದ ಮಾತೃವಾತ್ಸಲ್ಯದ ಹೊನಲು ಕಾಣುವುದಿಲ್ಲ, ಚೀಲ ಕಾಣುತ್ತದೆ, ಕೈ ಕಾಣುತ್ತದೆ, ಅಂಕಿ ಕಾಣುತ್ತದೆ. ನಾಲ್ಕನೇ ಸಲ ಬರೆದಾಗ ಆ ಐದು ಪುಟದ ಜಾಗದಲ್ಲಿ ಉಳಿದದ್ದು ಇಷ್ಟು:

‘ಸಾಲಿನಲ್ಲಿ ಸೊಸೆ ಮುಂದೆ, ಪುಟ್ಟಮ್ಮ ಹಿಂದೆ. ಸೊಸೆ ಮಗುವನ್ನು ಕೂಗಲು ಆಚೆ ತಿರುಗಿದಳು. ಪುಟ್ಟಮ್ಮ ತನ್ನ ಚೀಲದಿಂದ ಬೊಗಸೆ ಬೊಗಸೆ ಹಣ್ಣು ತೆಗೆದು ಅವಳ ಚೀಲಕ್ಕೆ ಹಾಕಿದಳು.
“ಸೊಸೇದು ನಲವತ್ತೊಂದು. ನಿಂದು ಮೂವತ್ತೆಂಟು. ನಿನ್ನೆಗಿಂತ ಮೂರು ಕಮ್ಮಿ ಕಣಜ್ಜಿ.”
“ವಯಸ್ಸಾಯ್ತಲ್ಲ ರೈಟ್ರೇ.”’

ಒಂದು ವಿಷಯ ಬರೆದಾದ ಎಷ್ಟೋ ದಿನದ ಮೇಲೆ ನನಗೇ ಹೊಳೆಯಿತು. ಮೂವತ್ತು ದಾಟದ ರೈಟರ್ ಎಪ್ಪತ್ತರ ಅಜ್ಜಿಗೆ ‘ನಿಂದು’ ಅನ್ನುತ್ತಾನೆ, ಅವಳು ಅವನಿಗೆ ‘ರೈಟ್ರೇ’ ಅನ್ನುತ್ತಾಳೆ. ತೋಟದ ಮೇಲುಕೀಳಿನ ಬಗ್ಗೆ ಮೊದಲ ಪ್ರತಿಯಲ್ಲಿ ಒಂದು ಇಡೀ ಪ್ಯಾರಾ ಸಿಟ್ಟು ತುಂಬಿ ಬರೆದಿದ್ದೆ. ಅದು ಬೇಕೇ ಇರಲಿಲ್ಲ.

ಇನ್ನೊಂದು, ಇದೂ ಕನ್ನಡದ್ದೇ. ‘ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ಸು ಹತ್ತಿ’ ಅಂತ ಒಂದಿಡೀ ಬೆಳಗನ್ನು ಒಂದೇ ವಾಕ್ಯದಲ್ಲಿ ಪೋಣಿಸಬಹುದು. ಅದು ಅನುಕೂಲ, ಅಪಾಯವೂ ಹೌದು. ಮೊದಲು ನಾನು ‘ಹಣ್ಣು ತೆಗೆದು ಹಾಕಿ, ಸೆರಗಿನಿಂದ ಮುಖ ಒರೆಸಿಕೊಂಡು, ಮುಂದೆ ಬಂದಳು’ ಅಂತ ಬರೆದಿದ್ದೆ. ಇಡೀ ಕಥೆ ನಿಂತಿರುವ ಕೆಲಸ ದಾರಿಯ ಮಧ್ಯದಲ್ಲಿ ಹೂತುಹೋಗಿತ್ತು. ‘ಹಾಕಿದಳು’ ಅಂತ ಅಲ್ಲೇ ವಾಕ್ಯ ನಿಲ್ಲಿಸಿದಾಗ ಅದಕ್ಕೆ ತೂಕ ಬಂತು.

ಮಳೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ನಾನು ಮಲೆನಾಡಿನವನೇ ಅಲ್ಲ. ನಮ್ಮವರ ಕಥೆ ಹತ್ತರಲ್ಲಿ ಎಂಟು ‘ಧೋ ಎಂದು ಸುರಿಯುವ ಮಳೆ’ಯಿಂದ ಶುರು. ನಾನು ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟು ಬರೆದಿಟ್ಟವನು, ನೂರು ಸೆಂಟಿಗೆ ಒಂದು ಇಂಚು. ಅದೇ ಹತ್ತು ಸೆಂಟು ಜುಲೈನಲ್ಲಿ ಬಿದ್ದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಜನವರಿಯಲ್ಲಿ ಬಿದ್ದರೆ ಕಣದಲ್ಲಿ ಒಣಗಲು ಹಾಕಿದ ಕಾಫಿ ಮುಚ್ಚಲು ಊಟ ಬಿಟ್ಟು ಓಡುತ್ತಾರೆ. ಮಾರ್ಚಿನಲ್ಲಾದರೆ ಕಾಫಿ ಹೂ ಅರಳಿಸಬೇಕಾದ ಹೂಮಳೆ ಇಷ್ಟಕ್ಕೇ ನಿಂತಿತಲ್ಲ ಅಂತ ಸಾಹುಕಾರರಿಗೆ ನಿದ್ದೆ ಬರುವುದಿಲ್ಲ. ನಿಮ್ಮ ಕಥೆಯ ಮಳೆ ಯಾವ ತಿಂಗಳದ್ದು, ಯಾರ ಏನನ್ನು ನೆನೆಸಿತು? ಏನೂ ನೆನೆಯದಿದ್ದರೆ ಆ ಮಳೆ ತೆಗೆದುಬಿಡಿ.

ಸಂಭಾಷಣೆಗೆ ಬಂದರೆ, ಆಡುಮಾತು ಬರೆಯುವ ಉತ್ಸಾಹದಲ್ಲಿ ಎಲ್ಲ ‘ಹ’ಕಾರ ಕಿತ್ತು, ‘ಓಯ್ತೀನಿ, ಏಳ್ತೀನಿ, ಅತ್ತು ರೂಪಾಯಿ’ ಅಂತ ಸಾಲುಸಾಲು ತುಂಬಿಸಬೇಡಿ. ಓದುವವರಿಗೆ ಆ ಮನುಷ್ಯ ಹಾಸ್ಯಪಾತ್ರವಾಗಿ ಕಾಣತೊಡಗುತ್ತಾನೆ. ಒಂದು ‘ಕಣಜ್ಜಿ’ ಸಾಕು, ಉಳಿದ ದನಿ ಓದುಗನೇ ಹಾಕಿಕೊಳ್ಳುತ್ತಾನೆ.

ಬರೆದದ್ದನ್ನು ಗಟ್ಟಿಯಾಗಿ ಓದಿ, ಕೇಳಲು ಒಬ್ಬರನ್ನು ಕೂರಿಸಿಕೊಳ್ಳಿ. ಅಭಿಪ್ರಾಯ ಮಾತ್ರ ಕೇಳಬೇಡಿ. ಹಿಂದೆ ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟುತ್ತಿದ್ದೆವಲ್ಲ, ಅಷ್ಟೇ ಬೇಕಾದದ್ದು. ನನ್ನ ಹೆಂಡತಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಮೂರನೇ ಪ್ರತಿ ಓದಿದೆ. ಮೊದಲ ಪುಟ ಪೂರ್ತಿ ‘ಹೂಂ, ಹೂಂ’. ಎರಡನೇ ಪುಟದಲ್ಲಿ ಪುಟ್ಟಮ್ಮನ ಬಾಲ್ಯ ಶುರುವಾಯಿತು, ಹೂಂ ನಿಂತಿತು. “ಒಲೆ ಮೇಲೆ ಹಾಲಿಟ್ಟಿದ್ದೆ” ಅಂತ ಎದ್ದು ಹೋದಳು. ಹಾಲು ಇಟ್ಟಿರಲಿಲ್ಲ. ಬಾಲ್ಯ ತೆಗೆದೆ. ಎರಡು ವರ್ಷದ ಹಿಂದೆ ಒಂದು ಪತ್ರಿಕೆಗೆ ಕಳಿಸಿ ಸುದ್ದಿಯೇ ಇಲ್ಲದಿದ್ದ ಈ ಕಥೆ, ಹೀಗೆ ಅರ್ಧಕ್ಕರ್ಧ ಇಳಿದ ಮೇಲೆ ಇನ್ನೊಂದರಲ್ಲಿ ಬಂತು.

ನಿಮ್ಮ ಎಂಟು ಕಥೆಯಲ್ಲಿ ಒಂದೂ ಬ್ಯಾಂಕಿನದ್ದಲ್ಲ ಅನ್ನುವುದೇ ನನಗೆ ಆಶ್ಚರ್ಯ. ನಾನು ತಕ್ಕಡಿಯ ಪಕ್ಕ ನಿಂತ ಹಾಗೆ ನಿಮಗೆ ಗಾಜಿನ ಹಿಂದೆ ಒಂದು ಕುರ್ಚಿ ಇದೆ. ಪಿಂಚಣಿ ದಿನ ಅಜ್ಜಿಯರು ಅಲ್ಲಿಗೇ ನಡೆದು ಬರುತ್ತಾರೆ. ಹೆಬ್ಬೆಟ್ಟು ಒತ್ತಿದ ಮೇಲೆ ಆ ಶಾಯಿಯನ್ನು ಕೆಲವರು ತಲೆಕೂದಲಿಗೆ ಒರೆಸುತ್ತಾರೆ, ಕೆಲವರು ನಿಮ್ಮ ಕೌಂಟರಿನ ಅಂಚಿಗೆ. ದುಡ್ಡನ್ನು ಯಾರು ಅಲ್ಲೇ ಎಣಿಸುತ್ತಾರೆ, ಯಾರು ಎಣಿಸದೆ ಜೊತೆಗೆ ಬಂದ ಮಗನ ಕೈಗೆ ಕೊಡುತ್ತಾರೆ? ಇವತ್ತಿನಿಂದ ಒಂದು ತಿಂಗಳು, ದಿನಕ್ಕೆ ಒಂದೇ ಸಾಲು, ಕಂಡದ್ದನ್ನಷ್ಟೇ ಬರೆದಿಡಿ. ಒಂಬತ್ತನೇ ಕಥೆ ಆಮೇಲೆ ಬರೆಯಿರಿ.